ವ್ಯಾಜ್ಯಶಮನವೂ ಧರ್ಮವೂ

“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಗೃಹಸ್ಥರಿಗಂತೂ ಇದರ ಅರ್ಥವನ್ನು ವಿವರಿಸಿ ಹೇಳಬೇಕಾದುದಿಲ್ಲ. ತಂದೆಯು ಹೂಡಿದ ದಾವೆಯ ತೀರ್ಪನ್ನು ಮಗನು ಕೇಳುವುದೂ, ಎರಡು ಸೆಂಟ್ಸು ನೆಲದ ಹಠಕ್ಕಾಗಿ ಎರಡು ಎಕ್ರೆ ತೋಟದ ಅಡಕೆಯ ಹುಟ್ಟುವಳಿಯು ವರ್ಷವರ್ಷವೂ ಕರಗಿಹೋಗುವುದೂ ಇಲ್ಲಿ ಅಪೂರ್ವವಲ್ಲ. ಆದುದರಿಂದ ಜಗಳವನ್ನು ರಾಜಿಯಿಂದ ಮುಗಿಸಿಕೊಳ್ಳುವುದು ಲೇಸೆಂಬುದರಲ್ಲಿ ಹೆಚ್ಚಿನವರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ರಾಜಿಗೆ ದಾರಿ ಒಂದೇ ಅಲ್ಲ. ಮನೆಯ ಹಿರಿಯರು, ಊರ ಹತ್ತು ಸಮಸ್ತರು, ದೈವದ ಸನ್ನಿಧಿ, ಲೋಕ ಅದಾಲತು, ನ್ಯಾಯಾಲಯವು ನೇಮಿಸುವ ಮಧ್ಯಸ್ಥರು, ಉಭಯ ಕಕ್ಷಿಗಳೂ ಒಪ್ಪಿ ಆರಿಸುವ ಪಂಚಾಯತರು, ಹೀಗೆ ದಾರಿಗಳು ಹಲವು. ಯಾವ ವ್ಯಾಜ್ಯಕ್ಕೆ ಯಾವ ದಾರಿಯು ಯೋಗ್ಯ? ಮೇಲುನೋಟಕ್ಕೆ ಇದು ಕೇವಲ ವ್ಯವಹಾರದ ಪ್ರಶ್ನೆಯಂತೆ ತೋರುವುದು. ಪರ್ಯಾಲೋಚಿಸಿದರೆ ಇದು ಧರ್ಮದ ಪ್ರಶ್ನೆಯೇ ಆಗಿದೆ. ಏಕೆಂದರೆ ತಪ್ಪು ದಾರಿಯನ್ನು ಹಿಡಿದಲ್ಲಿ ಜಗಳವು ನಿಲ್ಲುವುದು; ಅನ್ಯಾಯವು ಮಾತ್ರ ನಿಂತಲ್ಲಿಯೇ ನಿಲ್ಲುವುದು.

ನಮ್ಮ ಪೂರ್ವಿಕರು ಈ ಭೇದವನ್ನು ಅರಿಯದವರಲ್ಲ. ಯಾಜ್ಞವಲ್ಕ್ಯ ಸ್ಮೃತಿಯು ವ್ಯವಹಾರ ನಿರ್ಣಯಕ್ಕೆ ಕುಲ, ಶ್ರೇಣಿ, ಪೂಗ, ರಾಜನಿಂದ ನಿಯುಕ್ತರಾದ ಅಧಿಕಾರಿಗಳು ಎಂದು ನಾಲ್ಕು ಸ್ಥಾನಗಳನ್ನು ಹೇಳಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇವುಗಳನ್ನು ಬಿಡಿಸಿ ಹೇಳಿರುವನು. ಕುಲವೆಂದರೆ ಬಂಧುಗಳ ಸಮೂಹ. ಶ್ರೇಣಿಯೆಂದರೆ ಒಂದೇ ಕಸುಬಿನಿಂದ ಜೀವಿಸುವವರ ಸಂಘ. ಪೂಗವೆಂದರೆ ಭಿನ್ನ ಜಾತಿ ಭಿನ್ನ ವೃತ್ತಿಗಳವರಾದರೂ ಒಂದೇ ಊರಿನಲ್ಲಿ ವಾಸಿಸುವವರ ಸಮೂಹ. ಬಂಧುಗಳು ಕೊಟ್ಟ ತೀರ್ಮಾನದಿಂದ ತೃಪ್ತಿಯಾಗದವನು ಶ್ರೇಣಿಗೂ, ಅಲ್ಲಿಯೂ ಆಗದವನು ಪೂಗಕ್ಕೂ, ಕೊನೆಗೆ ರಾಜನ ಅಧಿಕಾರಿಗಳ ಬಳಿಗೂ ಹೋಗಬಹುದು. ಕೆಳಗಿನ ತೀರ್ಮಾನವು ಮೇಲಿನದನ್ನು ಮುರಿಯಲಾರದು. ಇದರಲ್ಲಿ ಎರಡು ತತ್ತ್ವಗಳು ಅಡಗಿವೆ. ಜಗಳವನ್ನು ಅದು ಹುಟ್ಟಿದ ಸ್ಥಳಕ್ಕೆ ಹತ್ತಿರದಲ್ಲಿಯೇ ಮೊದಲು ನೋಡಬೇಕೆಂಬುದು ಒಂದು. ಹತ್ತಿರದವರ ಮಾತೇ ಕೊನೆಯ ಮಾತಾಗಬಾರದೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ನೆನಪಿಟ್ಟಿರುವರು. ಎರಡನೆಯದನ್ನು ಮರೆತವರೇ ಹೆಚ್ಚು.

ದಕ್ಷಿಣ ಕನ್ನಡದಲ್ಲಿ ಗುತ್ತಿನ ಚಾವಡಿಯೂ, ಕೋಲದಲ್ಲಿ ದೈವದ ನುಡಿಯೂ, ಧರ್ಮಸ್ಥಳದ ಹೆಗ್ಗಡೆಯವರ ಮುಂದೆ ದೂರು ಹೇಳಿಕೊಳ್ಳುವ ಸಂಪ್ರದಾಯವೂ ಬಹುಕಾಲದಿಂದ ನಡೆದುಬಂದಿವೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಸ್ಥಾನಕ್ಕೆ ವ್ಯಾಜ್ಯವನ್ನು ಒಯ್ಯುವೆನೆಂಬ ಮಾತನ್ನು ಈ ಕಡೆಯ ಜನರೂ ಲಘುವಾಗಿ ಆಡುವುದಿಲ್ಲ. ಸರಕಾರವೂ ಇಂತಹ ಪದ್ಧತಿಗಳನ್ನು ಉಪೇಕ್ಷಿಸಿರಲಿಲ್ಲ. 1799ರಲ್ಲಿ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಎಂಬವನು ಮುಂದೆ ಮದರಾಸಿನ ನ್ಯಾಯಾಡಳಿತವನ್ನು ಸುಧಾರಿಸಲು ನಿಯುಕ್ತನಾದಾಗ, 1816ರ ರೆಗ್ಯುಲೇಶನ್ನುಗಳ ಮೂಲಕ ಗ್ರಾಮ ಮುನಸೀಫರಿಗೂ ಗ್ರಾಮ ಪಂಚಾಯತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವು ದೊರೆಯಿತು. ಆದರೆ ಆ ಪಂಚಾಯತಿಗಳನ್ನು ಜನರು ಅವನು ನಿರೀಕ್ಷಿಸಿದಷ್ಟು ಆಶ್ರಯಿಸಲಿಲ್ಲ. ಹಳೆಯದಾಗಿರುವುದೊಂದೇ ಯಾವ ಪದ್ಧತಿಗೂ ಯೋಗ್ಯತೆಯನ್ನು ಕೊಡುವುದಿಲ್ಲವೆಂಬುದಕ್ಕೆ ಇದು ನಿದರ್ಶನವಾಗಿದೆ.

ಈಗಿನ ಕಾನೂನು ಏನು ಹೇಳುವುದೆಂಬುದನ್ನೂ ತಿಳಿಯತಕ್ಕದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಪ್ರಕರಣವು 2002ನೆಯ ಜುಲೈ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದು, ದಾವೆಯು ನಡೆಯುತ್ತಿರುವಾಗಲೇ ನ್ಯಾಯಾಧೀಶರು ಅದನ್ನು ರಾಜಿಯ ಮಾರ್ಗಕ್ಕೆ ಕಳುಹಿಸುವುದಕ್ಕೆ ಅವಕಾಶ ಕೊಟ್ಟಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2007ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವನ್ನು ಆರಂಭಿಸಿತು. ಈ ಮಾರ್ಗಗಳ ಭೇದವನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: ಕೊನೆಯ ಮಾತು ಯಾರದು? ವಕೀಲರು ಆರ್ಬಿಟ್ರೇಶನ್ ಎಂದು ಕರೆಯುವ ಪಂಚಾಯತಿ ತೀರ್ಪಿನಲ್ಲಿ ಕೊನೆಯ ಮಾತು ಪಂಚಾಯತನದು. ಉಭಯರೂ ಮೊದಲು ಒಪ್ಪಿ ಅವನ ಬಳಿಗೆ ಹೋದ ಮೇಲೆ ಅವನು ಕೊಟ್ಟ ತೀರ್ಪು ಅಪ್ರಿಯವಾದರೂ ಅದಕ್ಕೆ ಬದ್ಧರಾಗಬೇಕು. ಸಂಧಾನದಲ್ಲಿ ಮೂರನೆಯವನು ತನ್ನ ಸಲಹೆಯನ್ನು ಮುಂದಿಡಬಹುದು, ಹೇರಲಾರನು. ಮಧ್ಯಸ್ಥಿಕೆಯಲ್ಲಿ ಅವನು ಇಬ್ಬರ ಮಾತನ್ನೂ ಕೂಡಿಯೂ ಬೇರೆಬೇರೆಯಾಗಿಯೂ ಕೇಳಿ, ಅವರ ಬಾಯಿಂದಲೇ ಒಪ್ಪಂದವು ಹೊರಡುವಂತೆ ಮಾಡುವನು. ಅಲ್ಲಿ ಆಡಿದ ಮಾತು ಗುಪ್ತವಾಗಿರತಕ್ಕದ್ದು. ಮುಂದೆ ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಎತ್ತಿ ಆಡುವಂತಿಲ್ಲ. ಲೋಕ ಅದಾಲತಿನಲ್ಲಿ ಒಪ್ಪಂದವಾದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾದುದು; ಕಟ್ಟಿದ ಕೋರ್ಟು ಶುಲ್ಕವು ಮರಳಿ ಬರುವುದು; ಅದರ ಮೇಲೆ ಅಪೀಲು ಇಲ್ಲ. ಈ ಕೊನೆಯ ಮಾತನ್ನು, ರುಜು ಹಾಕುವುದಕ್ಕೆ ಮೊದಲೇ ಪ್ರತಿಯೊಬ್ಬನೂ ಮನಸ್ಸಿನಲ್ಲಿಡಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ದಾರಿಯು ಯಾವುದಾದರೇನು, ಜಗಳವು ಮುಗಿದರೆ ಸಾಲದೆ? ಶಾಂತಿಯು ಯಾವ ರೀತಿಯಿಂದ ಬಂದರೂ ಶ್ರೇಯಸ್ಕರವಲ್ಲವೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಿರಿಯರು ಹೇಳಿಲ್ಲವೆ?

ಇದಕ್ಕೆ ಸಮಾಧಾನವನ್ನು ಮಹಾಭಾರತದ ಉದ್ಯೋಗಪರ್ವದಲ್ಲಿಯೇ ಕಾಣಬಹುದು. ಆ ಪರ್ವದಲ್ಲಿ ಶಾಂತಿಗಾಗಿ ದೂತರು ಅತ್ತಿಂದಿತ್ತ ಓಡಾಡುವರು. ಧೃತರಾಷ್ಟ್ರನು ಕಳುಹಿಸಿದ ಸಂಜಯನು ಯುಧಿಷ್ಠಿರನ ಬಳಿಗೆ ಬಂದು ಯುದ್ಧದ ಪಾಪವನ್ನೂ ಬಂಧುನಾಶದ ಘೋರವನ್ನೂ ಮನಮುಟ್ಟುವಂತೆ ವರ್ಣಿಸುವನು. ಯುದ್ಧದಿಂದ ಬರುವ ರಾಜ್ಯಕ್ಕಿಂತ ಭಿಕ್ಷಾವೃತ್ತಿಯೇ ಮೇಲೆನ್ನುವವರೆಗೂ ಹೋಗುವನು. ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಪಾಂಡವರಿಗೆ ಸಲ್ಲತಕ್ಕ ಭಾಗವನ್ನು ಕೊಡುವೆವೆಂಬ ಮಾತೂ ಅದರಲ್ಲಿಲ್ಲ. ಅನ್ಯಾಯಕ್ಕೆ ಒಳಗಾದವನಿಗೆ ಮಾತ್ರ ಶಾಂತಿಯನ್ನು ಬೋಧಿಸುವ ಸಂಧಿಯದು. ಅನಂತರ ಕೃಷ್ಣನು ಹಸ್ತಿನಾವತಿಗೆ ಹೋದುದು ಬೇರೆ ರೀತಿಯ ಸಂಧಾನ. ಅವನು ತುಂಬಿದ ಸಭೆಯಲ್ಲಿ, ಎಲ್ಲರೂ ಕೇಳುವಂತೆ ಮಾತನಾಡಿದನು; ಹಕ್ಕು ಯಾರದೆಂಬುದನ್ನು ಮುಚ್ಚಲಿಲ್ಲ. ಯುಧಿಷ್ಠಿರನಾದರೋ ಐದು ಊರುಗಳಷ್ಟಕ್ಕೆ ಇಳಿಯಲೂ ಸಿದ್ಧನಾಗಿದ್ದನು. ಹಕ್ಕುಳ್ಳವನು ತಾನಾಗಿ ಇಳಿಯುವುದು ಔದಾರ್ಯ. ಅವನನ್ನು ಇತರರು ಒತ್ತಿ ಇಳಿಸುವುದು ದೌರ್ಜನ್ಯ. ಹೊರಗಿನಿಂದ ನೋಡುವವನಿಗೆ ಎರಡೂ ರಾಜಿಯಂತೆಯೇ ಕಾಣುವುವು. ಇವೆರಡನ್ನು ಬೇರ್ಪಡಿಸುವುದೇ ಯೋಗ್ಯ ಮಾರ್ಗವನ್ನು ಆರಿಸುವ ವಿವೇಕವಾಗಿದೆ. ಆ ವಿವೇಕಕ್ಕೆ ಮೂರು ಪ್ರಶ್ನೆಗಳು ಸಹಾಯಕವಾಗುವುವು.

ಮೊದಲನೆಯದು, ಈ ಇಬ್ಬರು ನಾಳೆಯೂ ಒಟ್ಟಿಗೆ ಬಾಳಬೇಕಾದವರೆ ಎಂಬುದು. ಒಂದು ಬೈಲಿನಲ್ಲಿ ಇಬ್ಬರ ತೋಟಗಳಿವೆಯೆಂದು ಭಾವಿಸೋಣ. ಮಳೆಗಾಲ ಕಳೆದ ಮೇಲೆ ತೋಡಿಗೆ ಕಟ್ಟ ಹಾಕಿ ನೀರನ್ನು ನಿಲ್ಲಿಸುವುದು ಇಲ್ಲಿಯ ಹಳೆಯ ವಾಡಿಕೆ. ಮೇಲಿನವನು ನೀರನ್ನು ತಡೆದನೆಂದು ಕೆಳಗಿನವನೂ, ಕೆಳಗಿನವನು ಕಟ್ಟದ ಕೆಲಸಕ್ಕೆ ಆಳು ಕೊಡಲಿಲ್ಲವೆಂದು ಮೇಲಿನವನೂ ದೂರುವರು. ಅಥವಾ ತೋಟದ ನಡುವೆ ಹಾದು ಹೋಗುವ ಕಾಲುದಾರಿಯಲ್ಲಿ ಜೀಪು ಹೋಗಬಹುದೆ ಎಂಬ ತಕರಾರು ಹುಟ್ಟುವುದು. 1882ರ ಈಸ್‌ಮೆಂಟ್ ಕಾಯಿದೆಯಂತೆ 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದು ನಡೆದ ದಾರಿಗೆ ಹಕ್ಕು ಹುಟ್ಟುವುದೆಂದು ನ್ಯಾಯಾಧೀಶರು ತೀರ್ಪು ಕೊಡಬಲ್ಲರು. ಆದರೆ ಕಟ್ಟಕ್ಕೆ ಯಾರು ಯಾವಾಗ ಹಲಗೆ ಇಡಬೇಕು, ವಾರದಲ್ಲಿ ಯಾರಿಗೆ ಎಷ್ಟು ನೀರು, ಸುರಂಗದ ನೀರು ಬೇಸಗೆಯಲ್ಲಿ ಸಣ್ಣದಾದಾಗ ಏನು ಗತಿ, ಎಂಬುದನ್ನೆಲ್ಲ ಡಿಕ್ರಿಯಲ್ಲಿ ಬರೆಯುವುದು ದುಸ್ಸಾಧ್ಯ. ಬರೆದರೂ ಪಾಲಿಸುವವರು ಆ ಇಬ್ಬರೇ. ಇಂತಹ ವ್ಯಾಜ್ಯಕ್ಕೆ ಮಧ್ಯಸ್ಥಿಕೆಯೇ ಉತ್ತಮ ಮಾರ್ಗ. ಊರನ್ನು ಬಲ್ಲ, ಸ್ಥಳಕ್ಕೆ ಬಂದು ತೋಡನ್ನು ಕಣ್ಣಾರೆ ನೋಡುವ, ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಅವರ ಮನೆಮಾತಿನಲ್ಲಿ ಮಾತನಾಡುವ ಮಧ್ಯಸ್ಥನು ಒಂದು ಮಧ್ಯಾಹ್ನದಲ್ಲಿ ಮಾಡಿದುದನ್ನು ಹತ್ತು ವಾಯಿದೆಗಳು ಮಾಡಲಾರವು. ಇದಕ್ಕೆ ವಿರುದ್ಧವಾಗಿ, ಒಮ್ಮೆ ಮುಗಿದ ಮೇಲೆ ಮತ್ತೆ ಮುಖ ನೋಡಬೇಕಾಗಿಲ್ಲದ ಬಾಕಿ ಹಣದ ವ್ಯವಹಾರಕ್ಕೆ ಲೋಕ ಅದಾಲತು ಸಾಕಾಗುವುದು. ಪಾಲುಗಾರ ವರ್ತಕರ ಲೆಕ್ಕದ ತಕರಾರಿಗೆ ಲೆಕ್ಕವನ್ನು ಬಲ್ಲ ಪಂಚಾಯತನೇ ಯೋಗ್ಯನು. ಅಲ್ಲಿ ಮನಸ್ಸುಗಳನ್ನು ಕೂಡಿಸುವುದಕ್ಕಿಂತ ಅಂಕೆಗಳನ್ನು ಕೂಡಿಸುವುದೇ ಮುಖ್ಯ.

ಎರಡನೆಯ ಪ್ರಶ್ನೆಯು ಇದಕ್ಕಿಂತ ಗುರುತರವಾದುದು. ಇಬ್ಬರಲ್ಲಿ ದುರ್ಬಲನಾದವನು ‘ಒಲ್ಲೆ’ ಎಂದು ಹೇಳಿ ಎದ್ದು ಹೋಗಬಲ್ಲನೆ? ಕುಟುಂಬದ ಆಸ್ತಿ ವಿಭಾಗವನ್ನೇ ನೋಡಬಹುದು. 2005ನೆಯ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬಂದುದೆಂದೂ, ಅದಕ್ಕೆ ತಂದೆಯು ಆ ದಿನ ಬದುಕಿರಬೇಕಾಗಿರಲಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಹೆಣ್ಣಿನ ಕಡೆಯಿಂದ ಸಂತಾನವನ್ನು ಎಣಿಸುವ ಅಳಿಯಸಂತಾನದ ನಾಡಿನಲ್ಲಿ ಹೆಣ್ಣಿಗೆ ಆಸ್ತಿಯೆಂಬುದು ಹೊಸ ಮಾತೂ ಅಲ್ಲ. ಆದರೂ ಎಷ್ಟೋ ಮನೆಗಳಲ್ಲಿ ವಿಭಾಗದ ದಿನ ನಡೆಯುವುದೇನು? ಚಾವಡಿಯಲ್ಲಿ ಹಿರಿಯರು ಕುಳಿತಿರುವರು. ಅವರೆಲ್ಲರೂ ಮಾನ್ಯರು, ಸೋದರರಿಗೆ ಆಪ್ತರು. ಮದುವೆಗೆ ಖರ್ಚು ಮಾಡಿಲ್ಲವೆ, ತವರಿನ ಬಾಗಿಲು ಮುಚ್ಚಿಕೊಳ್ಳಬೇಡ, ಎಂದು ಸೌಮ್ಯವಾಗಿಯೇ ಹೇಳುವರು. ಹಕ್ಕು ಬಿಡುಗಡೆ ಪತ್ರವು ಮೊದಲೇ ಸಿದ್ಧವಾಗಿರುವುದು. ಯಾರೂ ಗದರುವುದಿಲ್ಲ, ಯಾರೂ ಸುಳ್ಳು ಹೇಳುವುದಿಲ್ಲ. ಸೋದರಿಯು ರುಜು ಹಾಕುವಳು. ಕುಟುಂಬದ ಮರ್ಯಾದೆಯು ಉಳಿಯಿತೆಂದು ಎಲ್ಲರೂ ಸಂತೋಷದಿಂದ ಊಟಕ್ಕೆ ಏಳುವರು. ಇದು ರಾಜಿಯೆ?

ಬಲದಿಂದಲೂ ಕಪಟದಿಂದಲೂ ನಡೆದ ವ್ಯವಹಾರಗಳನ್ನು ರಾಜನು ರದ್ದುಗೊಳಿಸಬೇಕೆಂದು ಯಾಜ್ಞವಲ್ಕ್ಯನು ವಿಧಿಸಿರುವನು. ಮನೆಯೊಳಗೆ ಮರೆಯಲ್ಲಿಯೂ, ರಾತ್ರಿಯಲ್ಲಿಯೂ, ಊರ ಹೊರಗೂ ನಡೆದವುಗಳನ್ನು ಅದೇ ಸಾಲಿನಲ್ಲಿ ಸೇರಿಸಿರುವನು. ಬಲವೆಂದರೆ ಕೈಯ ಬಲವೊಂದೇ ಅಲ್ಲ. ತವರಿನ ಪ್ರೀತಿಯನ್ನು ಕಳೆದುಕೊಳ್ಳುವ ಭಯವೂ, ಊರಿನಲ್ಲಿ ಒಂಟಿಯಾಗುವ ಭಯವೂ, ಕೆಲಸ ಕೊಡುವ ಧಣಿಯ ಮುಖವನ್ನು ನಾಳೆ ನೋಡಬೇಕೆಂಬ ಭಯವೂ ಬಲವೇ ಸರಿ. ಸೋದರಿಯು ಮನಃಪೂರ್ವಕವಾಗಿ ತನ್ನ ಭಾಗವನ್ನು ಬಿಡುವುದುಂಟು. ಅದು ಪೂಜ್ಯವಾದ ತ್ಯಾಗ. ಆದರೆ ತ್ಯಾಗವಾಗಬೇಕಾದರೆ ಮೊದಲು ತನ್ನ ಭಾಗ ಇಷ್ಟೆಂದು ಅವಳಿಗೆ ತಿಳಿದಿರಬೇಕು, ಬಿಡದಿದ್ದರೂ ತನಗೆ ಕೇಡಾಗದೆಂಬ ಧೈರ್ಯವಿರಬೇಕು. ಇವೆರಡೂ ಇಲ್ಲದಲ್ಲಿ ಮನೆಯ ಹಿರಿಯರ ಪಂಚಾಯತಿಯು ಯೋಗ್ಯ ಮಾರ್ಗವಲ್ಲ. ಕುಟುಂಬಕ್ಕೆ ಸಂಬಂಧವಿಲ್ಲದ, ಆ ಕೆಲಸದಲ್ಲಿ ಶಿಕ್ಷಣ ಪಡೆದ, ಅವಳ ಮಾತನ್ನು ಒಬ್ಬಳನ್ನೇ ಕೂರಿಸಿ ಕೇಳುವ ಮಧ್ಯಸ್ಥನ ಬಳಿಗೆ ಹೋಗತಕ್ಕದ್ದು. ಸ್ತ್ರೀಯರಿಗೆ ವರಮಾನವು ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ಸಹಾಯವು ದೊರೆಯುವುದೆಂಬುದನ್ನು ಪ್ರತಿ ಮನೆಯಲ್ಲಿಯೂ ತಿಳಿದಿರಬೇಕು. ಹೊಡೆತ ಬಡಿತಗಳಿರುವ ದಾಂಪತ್ಯದಲ್ಲಂತೂ, ಹೊಂದಿಕೊಂಡು ಹೋಗೆಂದು ಹೇಳುವ ಮಧ್ಯಸ್ಥನು ಸಂಜಯನ ದೌತ್ಯವನ್ನೇ ಮಾಡುತ್ತಿರುವನು. ಅಲ್ಲಿ ಮೊದಲು ಬೇಕಾದುದು ರಕ್ಷಣೆ. ಸಂಧಿಯ ಮಾತು ಅನಂತರ.

ಮೂರನೆಯ ಪ್ರಶ್ನೆಯು, ಮಾತುಕತೆಗೆ ಬಾರದವರ ಹಕ್ಕು ಇದರಲ್ಲಿ ಸೇರಿದೆಯೆ ಎಂಬುದು. ಇಬ್ಬರು ಒಪ್ಪಿದರೆಂಬ ಮಾತ್ರಕ್ಕೆ ಮೂರನೆಯವನ ವಸ್ತುವನ್ನು ಹಂಚಿಕೊಳ್ಳಲಾಗದು. ಹಳೆಯ ವರ್ಗ ಭೂಮಿಯ ಅಂಚಿನಿಂದ 100 ಗಜದೊಳಗಿನ ಕುಮ್ಕಿಯಲ್ಲಿ ಸೊಪ್ಪು, ಹುಲ್ಲು, ಸೌದೆಗಳನ್ನು ಪಡೆಯುವ ಸವಲತ್ತು ವರ್ಗದಾರನಿಗಿದೆ, ಭೂಮಿಯು ಸರಕಾರದ್ದು. ನೆರೆಯವರಿಬ್ಬರು ಕುಮ್ಕಿಯ ಬಳಕೆಯ ವಿಷಯದಲ್ಲಿ ಸೌಹಾರ್ದದಿಂದ ನಡೆದುಕೊಳ್ಳಬಹುದು. ಅದರ ಒಡೆತನವನ್ನೇ ರಾಜಿಪತ್ರದಲ್ಲಿ ಭಾಗ ಮಾಡಿಕೊಂಡರೆ ಆ ಪತ್ರಕ್ಕೆ ಬೆಲೆಯಿಲ್ಲ. ಕುಟುಂಬದಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿದ್ದು ದಾವೆಯು ನಡೆಯುತ್ತಿದ್ದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಪೋಷಕನು ಮಾಡಿದ ರಾಜಿಯು ಆ ಮಗುವನ್ನು ಕಟ್ಟಲಾರದು. ಕಾನೂನಿನ ದೃಷ್ಟಿಯಲ್ಲಿ ದೇವರೂ ಮಗುವಿನಂತೆಯೇ ರಕ್ಷಣೀಯನು. ದೇವಸ್ಥಾನದ ಜಾಗವನ್ನು ಕುರಿತ ತಕರಾರನ್ನು ಇಂದಿನ ಮೊಕ್ತೇಸರರೂ ಎದುರು ಕಕ್ಷಿಯೂ ಒಳಗೊಳಗೇ ಮುಗಿಸಿಕೊಂಡರೆ, ಮಾತನಾಡದ ದೇವರಿಗೂ ಮುಂದಿನ ತಲೆಮಾರಿನ ಭಕ್ತರಿಗೂ ಉತ್ತರ ಕೊಡುವವರಾರು? 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು 89ನೆಯ ಪ್ರಕರಣವನ್ನು ವಿವರಿಸುತ್ತ, ಅಪ್ರಾಪ್ತರು, ದೇವರು, ಬುದ್ಧಿವಿಕಲರು ಇವರ ವಿರುದ್ಧದ ದಾವೆಗಳನ್ನೂ, ಸರಕಾರದ ಮೇಲೆ ಹಕ್ಕು ಸ್ಥಾಪನೆಗಾಗಿ ಹೂಡಿದವುಗಳನ್ನೂ, ಮೋಸ, ಕೃತ್ರಿಮ ದಸ್ತಾವೇಜುಗಳ ಗಂಭೀರ ಆರೋಪಗಳಿರುವವುಗಳನ್ನೂ ಸಾಮಾನ್ಯವಾಗಿ ಈ ಮಾರ್ಗಗಳಿಗೆ ಕಳುಹಿಸತಕ್ಕದ್ದಲ್ಲವೆಂದಿತು. ಆದರೆ ವಿಭಾಗದ ದಾವೆ, ನೆರೆಹೊರೆಯವರ ದಾರಿನೀರುಗಳ ತಕರಾರು, ವ್ಯಾಪಾರದ ಒಪ್ಪಂದ, ವಾಹನ ಅಪಘಾತದ ಪರಿಹಾರ ಇವು ಅದಕ್ಕೆ ಯೋಗ್ಯವೆಂದಿತು.

ದೈವದ ಮುಂದೆ ಪ್ರಮಾಣ ಮಾಡಿಸುವ ವಾಡಿಕೆಯ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಹಣ ಕೊಟ್ಟೆನೆಂದು ಒಬ್ಬನು, ಕೊಡಲಿಲ್ಲವೆಂದು ಇನ್ನೊಬ್ಬನು ಹೇಳುವಾಗ, ಇಬ್ಬರೂ ನಂಬಿದ ಸನ್ನಿಧಿಯು ಬಾಯಲ್ಲಿ ಸತ್ಯವನ್ನು ಹೊರಡಿಸಬಲ್ಲದು. ಸಾಕ್ಷಿಯಿಲ್ಲದ ವ್ಯವಹಾರಕ್ಕೆ ಅದರಿಂದ ಉಪಕಾರವಿದೆ. ಆದರೆ ಪ್ರಮಾಣವು ಆದುದನ್ನು ಹೇಳಿಸಬಲ್ಲದು, ಮುಂದೆ ಹೇಗೆ ಹಂಚಬೇಕೆಂಬುದನ್ನು ಹೇಳಲಾರದು. ನಂಬಿಕೆಯು ಒಬ್ಬನಲ್ಲಿ ಮಾತ್ರವಿದ್ದರೆ ಹೆದರಿ ಬಿಟ್ಟುಕೊಡುವವನೂ ಅವನೊಬ್ಬನೇ.

ಮಾರ್ಗದ ಯೋಗ್ಯತೆಯಷ್ಟೇ ಮಧ್ಯಸ್ಥನ ಯೋಗ್ಯತೆಯೂ ಮುಖ್ಯ. ಪಂಚತಂತ್ರದಲ್ಲಿ ಒಂದು ಪೊಟರೆಗಾಗಿ ಜಗಳವಾಡಿದ ಕಪಿಂಜಲ ಪಕ್ಷಿಯೂ ಮೊಲವೂ, ನದೀತೀರದಲ್ಲಿ ತಪಸ್ವಿಯಂತೆ ನಿಂತಿದ್ದ ಬೆಕ್ಕಿನ ಬಳಿಗೆ ನ್ಯಾಯ ಕೇಳಲು ಹೋದವು. ಕಿವಿ ಮಂದವಾಗಿದೆ, ಹತ್ತಿರ ಬನ್ನಿರೆಂದು ಕರೆದು ಅದು ಎರಡನ್ನೂ ನುಂಗಿತು. ಆ ಬೆಕ್ಕಿಗೆ ಧರ್ಮಶಾಸ್ತ್ರದ ಜ್ಞಾನವಿರಲಿಲ್ಲವೆಂದಲ್ಲ. ಅದು ಧರ್ಮವನ್ನೇ ಉಪದೇಶಿಸುತ್ತಿದ್ದಿತು. ಆದುದರಿಂದ ಮಧ್ಯಸ್ಥನ ಪಾಂಡಿತ್ಯಕ್ಕಿಂತ ಮೊದಲು, ಈ ವ್ಯಾಜ್ಯದಲ್ಲಿ ಅವನಿಗೆ ಸ್ವಾರ್ಥವಿದೆಯೆ, ಯಾರ ಋಣವಿದೆ ಎಂಬುದನ್ನು ವಿಚಾರಿಸತಕ್ಕದ್ದು. ತನಗಿರುವ ಸಂಬಂಧವನ್ನು ತಾನಾಗಿಯೇ ಮೊದಲು ತಿಳಿಸುವವನು ನಂಬಿಕೆಗೆ ಯೋಗ್ಯನು.

ಇನ್ನು ವ್ಯವಹಾರದ ಎರಡು ಎಚ್ಚರಿಕೆಗಳು. ಊರಿನ ಪಂಚಾಯತಿಯಲ್ಲಿ ಮಾತು ನಡೆಯುತ್ತಿದೆಯೆಂದು ಕಾನೂನಿನ ಅವಧಿಯು ಕಾಯುವುದಿಲ್ಲ. ಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷ, ಹಕ್ಕಿನ ಆಧಾರದಿಂದ ಸ್ಥಿರಾಸ್ತಿಯ ಸ್ವಾಧೀನವನ್ನು ಪಡೆಯುವ ದಾವೆಗೆ 12 ವರ್ಷ ಅವಧಿಯಿದೆ. ಈ ವರ್ಷ ನೋಡೋಣ, ಮುಂದಿನ ಜಾತ್ರೆಯ ಮೇಲೆ ಕೂರೋಣ, ಎನ್ನುತ್ತ ಅವಧಿಯನ್ನು ಕಳೆಯಿಸುವವನು ಸಂಧಿಯನ್ನು ಬಯಸುವವನಲ್ಲ. ಎರಡನೆಯದಾಗಿ, ಬಾಯಿಮಾತಿನ ಒಪ್ಪಂದವು ಒಂದು ತಲೆಮಾರನ್ನು ದಾಟುವುದು ಕಷ್ಟ. ದಾವೆಯಲ್ಲಿ ರಾಜಿಯಾದರೆ ಅದನ್ನು ಬರೆದು ಕಕ್ಷಿಗಳು ರುಜು ಹಾಕಿ ನ್ಯಾಯಾಲಯದಲ್ಲಿ ದಾಖಲಿಸಬೇಕು. ಊರಿನವರ ಮಧ್ಯಸ್ಥಿಕೆಗೆ 2023ರ ಮಧ್ಯಸ್ಥಿಕೆ ಕಾಯಿದೆಯು ಮೂವರು ಮಧ್ಯಸ್ಥರ ಮಂಡಲಿಯನ್ನು ಹೇಳಿದೆಯಾದರೂ, ಅಂತಹ ಒಪ್ಪಂದವನ್ನು ಡಿಕ್ರಿಯಂತೆ ಜಾರಿ ಮಾಡಿಸಲಾಗದೆಂದೂ ಹೇಳಿದೆ. ನೆರೆಯವರ ಸೌಹಾರ್ದಕ್ಕೆ ಅಷ್ಟು ಸಾಕು. ಭೂಮಿಯ ಹಕ್ಕಿಗೆ ಸಾಲದು.

ಹೀಗೆ ಇಷ್ಟೆಲ್ಲ ಪರೀಕ್ಷಿಸುತ್ತ ಕುಳಿತರೆ ರಾಜಿಯೇ ಆಗದು, ಬಡವನು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕಾಯುವುದಕ್ಕಿಂತ ಅರ್ಧ ಸಿಕ್ಕಿದರೂ ಮೇಲಲ್ಲವೆ, ಎಂದು ಮತ್ತೆ ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಅಪಘಾತದಲ್ಲಿ ದುಡಿಯುವವನನ್ನು ಕಳೆದುಕೊಂಡ ಮನೆಗೆ ಇಂದು ಬರುವ ಹಣವು ಹತ್ತು ವರ್ಷದ ಮೇಲೆ ಬರುವ ಹೆಚ್ಚಿನ ಹಣಕ್ಕಿಂತ ಉಪಯುಕ್ತವಾಗಬಹುದು. ಆದರೆ ಆ ಲೆಕ್ಕವನ್ನು ಮಾಡಬೇಕಾದವರು ಆ ಮನೆಯವರು. ನಿನಗೆ ಇಷ್ಟು ಸಾಕೆಂದು ಅವರ ಪರವಾಗಿ ಇತರರು ನಿಶ್ಚಯಿಸತಕ್ಕದ್ದಲ್ಲ. ವಿಳಂಬವು ನ್ಯಾಯಾಲಯದ ದೋಷ; ಆ ದೋಷವನ್ನು ತೋರಿಸಿ ದುರ್ಬಲನ ಹಕ್ಕಿನ ಬೆಲೆಯನ್ನು ಇಳಿಸುವುದು ಮಧ್ಯಸ್ಥನ ಗುಣವಲ್ಲ.

ನ್ಯಾಯಾಲಯಕ್ಕೆ ಹೋಗುವುದೇ ಅವಮಾನವೆಂಬ ಭಾವನೆಯು ಸಭ್ಯ ಗೃಹಸ್ಥರಲ್ಲಿ ಬೇರೂರಿದೆ. ಹಠಕ್ಕಾಗಿ ಹೋಗುವುದು ಅವಮಾನವೇ ಸರಿ. ಆದರೆ ಸಮಾನನಾಗಿ ಕುಳಿತು ಮಾತನಾಡಲು ಎಡೆ ದೊರೆಯದವನು, ತನ್ನ ಮಾತನ್ನೂ ಎದುರಾಳಿಯ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸ್ಥಳವನ್ನು ಹುಡುಕಿಕೊಂಡು ಹೋದರೆ ಅದರಲ್ಲಿ ಅಧರ್ಮವೇನೂ ಇಲ್ಲ. ಪುತ್ತೂರಿನಲ್ಲಿಯೂ ಸುಳ್ಯದಲ್ಲಿಯೂ ನ್ಯಾಯಾಲಯದ ಬಾಗಿಲು ತೆರೆದಿರುವುದರಿಂದಲೇ ಚಾವಡಿಯಲ್ಲಿ ಆಡುವ ‘ಒಪ್ಪಿದೆ’ ಎಂಬ ಮಾತಿಗೆ ಬೆಲೆ ಬಂದಿದೆ. ಕುಲದಿಂದ ಪೂಗಕ್ಕೂ ಪೂಗದಿಂದ ರಾಜನ ಬಳಿಗೂ ದಾರಿಯನ್ನು ತೆರೆದಿಟ್ಟ ವಿಜ್ಞಾನೇಶ್ವರನ ಅಭಿಪ್ರಾಯವೂ ಇದೇ ಇದ್ದಿರಬೇಕು. ಮನೆಯಲ್ಲಿ ರಾಜಿಗೆ ಕೂರಿಸುವ ಹಿರಿಯರು ಪತ್ರವನ್ನು ಮುಂದಿಡುವುದಕ್ಕೆ ಮೊದಲು, ಅತ್ಯಂತ ಕಡಿಮೆ ಮಾತನಾಡಿದವರು ಯಾರೆಂದು ನೋಡಿ, ಇದು ನಿನಗೆ ಬೇಡವಾದರೆ ಬೇಡವೆನ್ನಬಹುದು, ಅದರಿಂದ ಈ ಮನೆಯಲ್ಲಿ ನಿನ್ನ ಸ್ಥಾನವು ಕಡಿಮೆಯಾಗದು, ಎಂದು ಎಲ್ಲರ ಮುಂದೆ ಹೇಳಲಿ. ಹಾಗೆ ಹೇಳಿದ ಮೇಲೂ ಅವರು ಒಪ್ಪಿದರೆ ಅದು ರಾಜಿ. ಹಾಗೆ ಹೇಳಲು ಹಿರಿಯರಿಗೆ ಧೈರ್ಯವಿಲ್ಲದಿದ್ದರೆ, ಆ ವ್ಯಾಜ್ಯಕ್ಕೆ ಆ ಚಾವಡಿಯು ತಕ್ಕ ಸ್ಥಳವಲ್ಲವೆಂದು ತಿಳಿಯತಕ್ಕದ್ದು.